ಎಲೆರಾಶಿಯ ಒಳಗಿನ ತೇವ

ಬೆಳಿಗ್ಗೆ ಆರು ಗಂಟೆಗೆ ಗ್ರಂಥಾಲಯದ ಹಿಂಬಾಗಿಲ ಚಿಲಕ ಸದ್ದು ಮಾಡಿತೆಂದರೆ ಅಕ್ಕ ಬಂದಳೆಂದು ಅರ್ಥ. ಅಂಗಳ ಗುಡಿಸುವ ಆಕೆಯನ್ನು ಅಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹನ್ನೆರಡು ವರ್ಷ ಹಿರಿಯನಾದ ಕಾವಲುಗಾರ ಕೂಡ.

"ನನ್ನನ್ನ ಅಕ್ಕ ಅಂತೀಯಲ್ಲಣ್ಣ, ನಿನ್ನ ತಲೇಲಿ ಒಂದಾದರೂ ಕಪ್ಪು ಕೂದಲು ತೋರಿಸು ನೋಡೋಣ" ಎಂದು ಅವಳು ಛೇಡಿಸಿದರೆ, ಅವನು ಟೋಪಿ ತೆಗೆದು ಬೋಳುತಲೆ ಬಾಗಿಸುತ್ತಿದ್ದ.

"ಇರೋದೇ ಇಲ್ಲ ಅಂದ್ಮೇಲೆ ಕಪ್ಪೇನು ಬಿಳಿಯೇನು ಅಕ್ಕ?"

ಅಂಗಳದಲ್ಲಿ ಅಗಲ ಎಲೆಯ ಏಳು ಮರಗಳಿದ್ದವು. ಓದಲು ಬಂದವರು ಅವುಗಳ ನೆರಳನ್ನು ಹೊಗಳುತ್ತಿದ್ದರು. ನೆರಳು ಕೊಡುವ ಪ್ರತಿಯೊಂದು ಎಲೆಯೂ ಒಂದಲ್ಲ ಒಂದು ದಿನ ಕೆಳಗೆ ಬೀಳುತ್ತದೆ ಎಂಬುದು ಮಾತ್ರ ಅಕ್ಕನಿಗಷ್ಟೇ ನೆನಪಿತ್ತು. ಗೋಡೆಯ ಅಂಚಿನಿಂದ ಆರಂಭಿಸಿ, ಮರದ ಬುಡಗಳನ್ನು ಬಳಸಿ, ನಾಲ್ಕು ರಾಶಿಗಳಾಗಿ ಎಲೆ ಕೂಡಿಸಿ, ಆ ನಾಲ್ಕನ್ನೂ ತಳ್ಳುಗಾಡಿಯಲ್ಲಿ ಕಟ್ಟಡದ ಹಿಂದಕ್ಕೆ ಸಾಗಿಸುವುದು ಅವಳ ಕ್ರಮ. ಹಿಂದೆ, ಗೋಡೆಗೆ ಹೊಂದಿ, ಸುಟ್ಟು ಕಪ್ಪಾದ ಒಂದು ನೆಲ. ಅಲ್ಲಿಗೆ ಬಂದ ಎಲೆ ಬೂದಿಯಾಗಿ ಮಾತ್ರ ಹೊರಗೆ ಹೋಗುತ್ತಿತ್ತು.

ಕ್ರಮ ಅವಳದಲ್ಲ, ಅತ್ತೆಯದು. ಮೂವತ್ತೊಂದು ವರ್ಷ ಇದೇ ಅಂಗಳ ಗುಡಿಸಿದ ಅತ್ತೆ, ಉಸಿರು ಸಾಲದೆ ಕೆಲಸ ಬಿಟ್ಟ ದಿನ, ತನ್ನ ನೀಲಿ ಕೋಟನ್ನೂ ಅದರ ಜೇಬಿನಲ್ಲಿದ್ದ ಚಪ್ಪಟೆ ತಗಡಿನ ಡಬ್ಬಿಯನ್ನೂ ಸೊಸೆಗೆ ಕೊಟ್ಟಿದ್ದರು. ಡಬ್ಬಿಯಲ್ಲಿ ಬೆಂಕಿಕಡ್ಡಿ, ಮುಚ್ಚಳದ ಒಳಗೆ ಅಂಟಿಸಿದ ಗೀರುಪಟ್ಟಿ. ಮಳೆ ಬಂದರೂ ನೆನೆಯದು. "ಪೊರಕೆ ಅರ್ಧ ಕೆಲಸ ಮಾಡುತ್ತೆ, ಉಳಿದರ್ಧ ಇದು ಮಾಡುತ್ತೆ" ಎಂದು ಹೇಳಿಕೊಟ್ಟಿದ್ದರು. ಅಕ್ಕ ಹತ್ತು ವರ್ಷ ಆ ಮಾತು ಮೀರಿರಲಿಲ್ಲ.

ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವಳು ಕಡ್ಡಿ ಗೀರಲು ಬಗ್ಗಿದಾಗ ಎದುರಿಗೆ ಒಂದು ಜೊತೆ ಹಳೆಯ ಬೂಟು ಕಂಡವು. ತಲೆಯೆತ್ತಿದರೆ ದಪ್ಪ ಕನ್ನಡಕದ ಹುಡುಗಿ. ದಿನವೂ ಬಾಗಿಲು ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತು ಓದುವವಳು. ಅವಳ ಕೈಯಲ್ಲಿ ನೀರಿನ ಬಾಟಲಿ, ಮುಚ್ಚಳ ತೆಗೆದು ಸಿದ್ಧವಾಗಿತ್ತು.

"ಅಕ್ಕ, ಒಂದೇ ನಿಮಿಷ. ಇದನ್ನ ಸುಡಬೇಡಿ, ನಮಗೆ ಕೊಡಿ."

"ಎಲೆ ತಗೊಂಡು ಏನ್ಮಾಡ್ತೀಯಮ್ಮ? ಪುಸ್ತಕದೊಳಗೆ ಇಡ್ತೀಯಾ?"

"ಗೊಬ್ಬರ ಮಾಡ್ತೀವಿ."

"ಮಾಡು, ಬೇಡ ಅಂದವರು ಯಾರು? ಆದ್ರೆ ನಿನ್ನ ಗೊಬ್ಬರ ಆಗೋಷ್ಟರಲ್ಲಿ ನನ್ನ ಮರ ಇನ್ನೆರಡು ಸಲ ಉದುರಿರುತ್ತೆ. ಅದನ್ನ ಹೊರೋರು ಯಾರು, ನೀನಾ?"

"ಹೊರ್ತೀವಿ" ಎಂದಿತು ಹಿಂದಿನಿಂದ ಇನ್ನೊಂದು ದನಿ. ಅಲ್ಲಿ ನಿಂತಿದ್ದ ಹುಡುಗ ಎಷ್ಟು ಎತ್ತರವಿದ್ದನೆಂದರೆ, ಅಕ್ಕ ಅವನ ಮುಖ ನೋಡಲು ಕೈಯನ್ನು ಹಣೆಗೆ ಅಡ್ಡ ಹಿಡಿಯಬೇಕಾಯಿತು. ಸ್ನೇಹಿತರು ಅವನನ್ನು ಏಣಿ ಎನ್ನುತ್ತಿದ್ದರು. ಪಕ್ಕದಲ್ಲಿ ಅವನ ತಂಗಿ. ಮಾತು ಕಡಿಮೆ, ಕೈ ಮಾತ್ರ ಸದಾ ಏನನ್ನೋ ಮಡಚುತ್ತಿರುತ್ತಿತ್ತು.

ಅಕ್ಕ ಪೊರಕೆಯ ಮೇಲೆ ಗಲ್ಲ ಊರಿ ಮೂವರನ್ನೂ ನೋಡಿದಳು. "ಕೇಳಿ ಮಕ್ಕಳೇ. ನಿಮಗೆ ಇದು ಆಟ. ನಾಲ್ಕು ದಿನ ಉತ್ಸಾಹ, ಐದನೇ ದಿನ ಪರೀಕ್ಷೆ ಅಂತೀರಿ. ಆಮೇಲೆ ಮೇಲ್ವಿಚಾರಕರು ಬಂದು ಬೈಯೋದು ನಿಮ್ಮನ್ನಲ್ಲ, ನನ್ನನ್ನ."

ಕನ್ನಡಕದ ಹುಡುಗಿ ವಾದಿಸಲಿಲ್ಲ. ಮರುದಿನ ಮೂವರೂ ಗ್ರಂಥಪಾಲಕಿಯ ಒಪ್ಪಿಗೆ ಪತ್ರದೊಂದಿಗೆ ಬಂದರು. ಹಳೆಯ ಬೇಲಿಯ ತಂತಿಬಲೆಯನ್ನು ಸುತ್ತಿ, ಎದೆಯೆತ್ತರದ ಮೂರು ಗೂಡುಗಳನ್ನು ಕಟ್ಟಿದರು. ಒಪ್ಪಂದ ಸರಳವಾಗಿತ್ತು: ಅಕ್ಕ ಎಲೆಗಳನ್ನು ಸುಡದೆ ಗೂಡಿಗೆ ಸುರಿಯಬೇಕು, ಶನಿವಾರ ಮೂವರೂ ಬಂದು ಅವನ್ನು ಚೂರು ಮಾಡಿ, ತುಳಿದು, ಮೇಲಿನಷ್ಟು ಜಾಗ ಖಾಲಿ ಮಾಡಿಕೊಡಬೇಕು. ಕ್ಯಾಂಟೀನಿನವನು ಸೋಸಿ ಎಸೆಯುವ ಚಹಾಪುಡಿ, ಮೊಟ್ಟೆಯ ಚಿಪ್ಪು, ತರಕಾರಿ ಸಿಪ್ಪೆಗಳು ಪಕ್ಕದ ಪೀಪಾಯಿಗೆ. ಓದಿ ಮುಗಿದ ಹಳೆಯ ದಿನಪತ್ರಿಕೆಗಳು ಏಣಿಯ ತಂಗಿಯ ಪಾಲು. ಅವಳು ಒಂದು ಬಾಟಲಿಯ ಸುತ್ತ ಕಾಗದ ಸುರುಳಿ ಸುತ್ತಿ, ತಳ ಮಡಚಿ, ಎಳೆದು ತೆಗೆದರೆ ಅಂಗೈಯಗಲದ ಕುಂಡ ಸಿದ್ಧ. ಸಸಿಯನ್ನು ಕುಂಡದ ಸಮೇತ ನೆಲದಲ್ಲಿ ನೆಟ್ಟರೆ ಕಾಗದ ತಾನೇ ಕರಗಿ ಬೇರಿಗೆ ದಾರಿ ಬಿಡುತ್ತದೆ.

"ಇನ್ಮೇಲೆ ಕಡ್ಡಿ ಗೀರಲ್ಲ ಅಂತ ಮಾತು ಕೊಡಿ ಅಕ್ಕ" ಎಂದಿದ್ದಳು ಕನ್ನಡಕದ ಹುಡುಗಿ.

"ಗೀರಲ್ಲಮ್ಮ. ನನಗೇನು ಬೆಂಕಿ ಕಂಡರೆ ಪ್ರೀತೀನಾ?"

ಆದರೂ ತಗಡಿನ ಡಬ್ಬಿ ಕೋಟಿನ ಜೇಬಿನಲ್ಲೇ ಉಳಿಯಿತು. ಅದಿಲ್ಲದಿದ್ದರೆ ಕೋಟು ಒಂದು ಕಡೆ ವಾಲಿದಂತೆ ಅವಳಿಗೆ ಅನ್ನಿಸುತ್ತಿತ್ತು.

ಮೊದಲು ಅವಳು ಗೊಣಗುತ್ತಲೇ ಗೂಡು ತುಂಬಿದಳು. ಎಲೆ ಒಣಗಿದರೆ ಕೊಳೆಯುವುದಿಲ್ಲ ಎಂದು ಹುಡುಗಿ ಹೇಳಿದ ಮೇಲೆ, ತರಕಾರಿ ತೊಳೆದ ನೀರನ್ನು ಕ್ಯಾಂಟೀನಿನಿಂದ ಎರಡು ಬಕೆಟ್ ತಂದು ದಿನವೂ ಗೂಡಿಗೆ ಸುರಿಯುವುದು ಅವಳ ಪಾಲಿಗೆ ಬಂತು. ಹಿಡಿ ಎಲೆ ತೆಗೆದು ಮುಷ್ಟಿ ಬಿಗಿದರೆ ಬೆರಳ ಸಂದಿಯಲ್ಲಿ ಒಂದೇ ಒಂದು ಹನಿ ಮೂಡಬೇಕು. ಎರಡು ಮೂಡಿದರೆ ನೀರು ಹೆಚ್ಚು, ಮೂಡದಿದ್ದರೆ ಕಡಿಮೆ. ಈ ಪರೀಕ್ಷೆಯನ್ನು ಅಕ್ಕ ಮೊದಲ ತಿಂಗಳಲ್ಲೇ ಕಲಿತಳು. ಎರಡನೇ ತಿಂಗಳಲ್ಲಿ, ಯಾರೂ ನೋಡದಿರುವಾಗ, ತಾನಾಗಿಯೇ ಮಾಡತೊಡಗಿದಳು. ಆರನೇ ತಿಂಗಳಲ್ಲಿ ಏಣಿ ಮರೆತು ಪ್ಲಾಸ್ಟಿಕ್ ಚೀಲವೊಂದನ್ನು ಗೂಡಿನಲ್ಲಿ ಬಿಟ್ಟಿದ್ದಕ್ಕೆ, "ಅಷ್ಟು ಎತ್ತರದಿಂದ ಕೆಳಗೇನಿದೆ ಅಂತ ಕಾಣಲ್ವೇನಪ್ಪ?" ಎಂದು ಬೈದಳು.

ಕಾವಲುಗಾರ ಇದೆಲ್ಲವನ್ನೂ ನೋಡಿ ನಗುತ್ತಿದ್ದ. ಅವನಿಗೂ ಒಂದು ವ್ರತವಿತ್ತು. ಗೂಡುಗಳ ಹಿಂದಿನ ಕಟ್ಟೆ ಅವನು ಸಿಗರೇಟು ಸೇದುವ ಜಾಗ. "ಆರು ವರ್ಷದಿಂದ ಬಿಡ್ತಾನೇ ಇದ್ದೀನಿ ಅಕ್ಕ. ಬಿಡೋದರಲ್ಲಿ ನನ್ನಷ್ಟು ಅನುಭವ ಇರೋರು ಇನ್ನೊಬ್ಬರಿಲ್ಲ" ಎನ್ನುತ್ತಿದ್ದ. ಈ ಸಲ ಮಾತ್ರ ಅವನು ದಿನ ಎಣಿಸುತ್ತಿದ್ದ. ಪ್ರತಿ ಬೆಳಿಗ್ಗೆ ಅಕ್ಕನಿಗೆ ಬೆರಳು ತೋರಿಸುವನು: ಏಳು, ಎಂಟು, ಒಂಬತ್ತು.

*

ಅವನು ಎರಡೂ ಕೈಯ ಹತ್ತು ಬೆರಳನ್ನೂ ತೋರಿಸಿದ ಮಂಗಳವಾರದ ಸಂಜೆ, ಮೇಲ್ವಿಚಾರಕರು ಅಕ್ಕನನ್ನು ಕರೆದರು. ಕೆಟ್ಟ ಮನುಷ್ಯನಲ್ಲ, ಸದಾ ಯಾರೋ ಬೆನ್ನಟ್ಟಿ ಬರುತ್ತಿದ್ದಾರೆ ಎಂಬಂತೆ ನಡೆಯುವವರು. ಹಿಂದಿನ ವರ್ಷ ಒದ್ದೆ ಎಲೆಯ ಮೇಲೆ ಕಾಲಿಟ್ಟು ವೃದ್ಧ ಓದುಗರೊಬ್ಬರು ಜಾರಿ ಬಿದ್ದಾಗ, ವಿವರಣೆ ಬರೆದುಕೊಟ್ಟವರು ಅವರೇ.

"ನಾಳೆ ಒಂಬತ್ತಕ್ಕೆ ಗ್ರಂಥಾಲಯ ಸಮಿತಿಯವರು ಪರಿಶೀಲನೆಗೆ ಬರ್ತಾರೆ. ಅಂಗಳದಲ್ಲಿ ಒಂದೇ ಒಂದು ಎಲೆ ಕಾಣಬಾರದು."

"ಆಗ್ಲಿ ಸರ್."

"ಹಿಂದಗಡೇನೂ ಅಷ್ಟೇ. ಗೂಡು ತುಂಬಿ ಹೊರಗೆ ಚೆಲ್ಲಿದೆ, ನೋಡಿದ್ದೀನಿ. ಆ ಮಕ್ಕಳೆಲ್ಲಿ?"

"ಪರೀಕ್ಷೆ ಸರ್. ಮೂರು ವಾರದಿಂದ ಈ ಕಡೆಗೇ ಬಂದಿಲ್ಲ, ಶನಿವಾರಾನೂ."

"ನನಗೆ ಅದೆಲ್ಲ ಗೊತ್ತಿಲ್ಲಮ್ಮ. ನಾಳೆ ಕಸ ಕಂಡರೆ ನಿನ್ನ ಕೆಲಸದ ಬಗ್ಗೆ ಕೇಳೋದು ನನ್ನನ್ನ. ನಾನು ಯಾರ ಹೆಸರು ಹೇಳಲಿ, ಮರದ್ದಾ?"

ಬುಧವಾರ ಅಕ್ಕ ಅರ್ಧ ಗಂಟೆ ಮೊದಲೇ ಬಂದಳು. ರಾತ್ರಿ ಬೀಸಿದ ಗಾಳಿ ಏಳೂ ಮರಗಳನ್ನು ಹಿಡಿದು ಅಲುಗಿಸಿತ್ತು. ಗುಡಿಸಿದ ಜಾಗಕ್ಕೆ ಮತ್ತೆ ಎಲೆ, ಮತ್ತೆ ಗುಡಿಸು. ಎಂಟೂಕಾಲಿಗೆ ಮುಂದಿನ ಅಂಗಳ ಕನ್ನಡಿಯಂತಾಯಿತು. ಆದರೆ ಹಿಂದೆ ತಳ್ಳುಗಾಡಿಯ ಏಳು ಹೊರೆ ಎಲೆ ಬಿದ್ದಿತ್ತು, ಗೂಡುಗಳಲ್ಲಿ ಹಿಡಿಯಷ್ಟೂ ಜಾಗವಿರಲಿಲ್ಲ. ಮೂರನೇ ಗೂಡಿನ ಮೇಲೆ ಮೂರು ವಾರದ ಎಲೆ ತುಳಿತವಿಲ್ಲದೆ, ಗರಿಗರಿಯಾಗಿ, ತಲೆಯೆತ್ತರಕ್ಕೆ ನಿಂತಿತ್ತು. ಪಕ್ಕದ ಹಲಗೆಯ ಮೇಲೆ ಇನ್ನೂರ ನಲವತ್ತು ಕಾಗದದ ಕುಂಡಗಳು. ಟೊಮೇಟೊ, ಮೆಣಸಿನಕಾಯಿ, ಚೆಂಡುಹೂವಿನ ಸಸಿಗಳು. ಸೋಮವಾರ ಪಕ್ಕದ ಶಾಲೆಯ ಮಕ್ಕಳಿಗೆ ಒಂದೊಂದು ಎಂದು ಲೆಕ್ಕ ಹಾಕಿ ಬೆಳೆಸಿದ್ದವು.

ಅಕ್ಕ ಸುತ್ತ ನೋಡಿದಳು. ಗೋಡೆಯಾಚೆ ಎಸೆಯಲೇ? ಅದು ರಸ್ತೆ. ಚೀಲದಲ್ಲಿ ತುಂಬಲೇ? ಚೀಲವೆಲ್ಲಿ? ಗಡಿಯಾರ ಎಂಟೂವರೆ. ಆ ಹೊತ್ತಿಗೆ ಅವಳ ಬಲಗೈ ಕೋಟಿನ ಜೇಬಿನಲ್ಲಿತ್ತು. ಯಾವಾಗ ಹೋಯಿತೆಂದು ಅವಳಿಗೇ ತಿಳಿಯದು. ಇವತ್ತೊಂದು ದಿನ, ಅಂದುಕೊಂಡಳು. ಇವತ್ತಿನ ಎಲೆ ಮಾತ್ರ. ಗೂಡಿನ ತಂಟೆಗೆ ಹೋಗುವುದಿಲ್ಲ.

ಹತ್ತು ಹೆಜ್ಜೆ ದೂರದಲ್ಲಿ ರಾಶಿ ಮಾಡಿ ಕಡ್ಡಿ ಗೀರಿದಳು. ಚೆನ್ನಾಗಿಯೇ ಹತ್ತಿತು, ಅರ್ಧ ಬೂದಿಯೂ ಆಯಿತು. ನೀರು ತರಲು ಬಕೆಟ್ ಎತ್ತಿಕೊಂಡು ಕ್ಯಾಂಟೀನಿಗೆ ಹೋಗಿ, ಅಲ್ಲಿಂದ ತಿರುಗುವಷ್ಟರಲ್ಲಿ ಗಾಳಿ ಮತ್ತೊಮ್ಮೆ ಎದ್ದಿತು.

ಕೂಗಿದ್ದು ಯಾರೋ ಓದುಗರು. ಅಕ್ಕ ಓಡಿ ಬಂದಾಗ ಮೂರನೇ ಗೂಡು ದೀವಟಿಗೆಯಂತೆ ಉರಿಯುತ್ತಿತ್ತು. ಹಲಗೆಯ ಮೇಲಿನ ಕಾಗದದ ಕುಂಡಗಳು ಒಂದರಿಂದ ಒಂದು ಬೆಂಕಿ ಪಡೆದು ಸಾಲಾಗಿ ಸುಕ್ಕಾಗುತ್ತಿದ್ದವು. ಹೊಗೆ ಓದುವ ಕೋಣೆಯ ಕಿಟಕಿಗಳನ್ನು ತುಂಬಿತು. ಕಾವಲುಗಾರ ಹೂವಿನ ಗಿಡಕ್ಕೆ ನೀರು ಬಿಡುವ ಕೊಳವೆ ಎಳೆದುಕೊಂಡು ಬಂದ; ಕೆಮ್ಮುತ್ತ, ಕಣ್ಣುಜ್ಜುತ್ತ, ಇಪ್ಪತ್ತು ನಿಮಿಷದಲ್ಲಿ ಬೆಂಕಿ ಆರಿಸಿದ. ಸಮಿತಿಯವರು ಬಂದಿಳಿದಾಗ ಗೇಟಿನಲ್ಲಿ ಅವರನ್ನು ಎದುರುಗೊಂಡಿದ್ದು ಬೂದಿಯ ನೀರು. ಅಕ್ಕ ಹಚ್ಚಿದ ರಾಶಿಯ ಗುರುತೂ ಅದರಲ್ಲೇ ಕೊಚ್ಚಿಹೋಗಿತ್ತು.

"ಇಲ್ಲಿ ಸಿಗರೇಟು ಸೇದೋರು ಯಾರು?" ಎಂಬುದು ಮೊದಲ ಪ್ರಶ್ನೆ.

ಯಾರೂ ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಎಲ್ಲರ ಕಣ್ಣೂ ಕಾವಲುಗಾರನ ಕಡೆ ತಿರುಗಿದವು, ಕಟ್ಟೆಯ ಬುಡದಲ್ಲಿ ಹಳೆಯ ತುಂಡುಗಳು ಬೇಕಾದಷ್ಟು ಬಿದ್ದಿದ್ದವು.

"ನಾನು ಹನ್ನೊಂದು ದಿನದಿಂದ ಸೇದಿಲ್ಲ" ಎಂದ ಅವನು.

ಯಾರೋ ನಕ್ಕರು. ಆರು ವರ್ಷದ ತಮಾಷೆ ಅವನಿಗೇ ಮುಳುವಾಯಿತು. ನಾಳೆ ಬೀಗದ ಕೈಗೊಂಚಲು ಒಪ್ಪಿಸಿ ಹೋಗಬೇಕು, ಮುಂದಿನದು ಆಮೇಲೆ ನೋಡೋಣ ಎಂದು ಮೇಲ್ವಿಚಾರಕರು ಹೇಳಿದರು. ಅಕ್ಕ ಕೈಯಲ್ಲಿ ಖಾಲಿ ಬಕೆಟ್ ಹಿಡಿದು ನಿಂತಿದ್ದಳು. ಬಾಯಿ ತೆರೆದಳು, ಹೊಗೆಗೆ ಕೆಮ್ಮು ಬಂತು. ಕೆಮ್ಮು ನಿಲ್ಲುವಷ್ಟರಲ್ಲಿ ಎಲ್ಲರೂ ಹೊರಟಿದ್ದರು.

*

ಮಧ್ಯಾಹ್ನ ಮನೆಯ ಬಾಗಿಲು ದಾಟುತ್ತಿದ್ದಂತೆ ಒಳಗಿನ ಮಂಚದಿಂದ ಅತ್ತೆಯ ಕೆಮ್ಮು ಶುರುವಾಯಿತು. ಮೂರು ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುವ ಜೀವ ಅದು. ಗಾಳಿಗಾಗಿ ಕಿಟಕಿಯ ಪಕ್ಕವೇ ಮಂಚ.

"ಆ ಕೋಟು ಹೊರಗೆ ಹಾಕೇ" ಎಂದರು, ಕೆಮ್ಮಿನ ನಡುವೆ. "ಅಯ್ಯೋ, ನನ್ನದೇ ವಾಸನೆ ಬಂತು ನೋಡು. ಮೂವತ್ತೊಂದು ವರ್ಷ ನನ್ನ ಮೈ ಹೀಗೇ ನಾರ್ತಿತ್ತು. ನಿನ್ನ ಮಾವ ಹೇಳೋರು, ಎದುರಿಗೆ ಹೆಂಡತಿ ಬಂದರೆ ಒಲೆ ಬಂದ ಹಾಗೆ ಅನ್ನಿಸುತ್ತೆ ಅಂತ."

ಅಕ್ಕ ಕೋಟನ್ನು ಹೊರಗೆ ತೂಗುಹಾಕಿ ಬಂದಳು. ನಗಲಾಗಲಿಲ್ಲ.

"ಅತ್ತೆ, ಆ ಡಾಕ್ಟರು ಏನು ಕೇಳಿದ್ದರು ನಿಮ್ಮನ್ನ, ಮೊದಲನೇ ಸಲ ಹೋದಾಗ?"

"ದಿನಕ್ಕೆ ಎಷ್ಟು ಸಿಗರೇಟು ಸೇದ್ತೀರಿ ಅಂದ, ನನ್ನ ಮೊಮ್ಮಗನ ವಯಸ್ಸಿನವನು! ಒಂದೂ ಇಲ್ಲಪ್ಪ, ನೀನು ಸೇದ್ತೀಯಾ ಅಂದೆ. ನಂಬಲೇ ಇಲ್ಲ. ಫೋಟೋ ನೋಡಿ, ಈ ಎದೆ ಸೇದೋರದ್ದೇ ಅಂದ." ಅತ್ತೆ ಉಸಿರು ಕೂಡಿಸಿಕೊಂಡರು. "ಎಲೆ ಹೊಗೆ ವಿಷಯ ಅವನಿಗೆ ಕೇಳೋಕೆ ಬರಲಿಲ್ಲ, ನನಗೆ ಹೇಳೋಕೆ ಹೊಳೀಲಿಲ್ಲ."

ಅಕ್ಕ ಮಂಚದ ಅಂಚಿಗೆ ಕೂತಳು. ಅತ್ತೆಯ ಎದೆ ಏರಿ ಇಳಿಯುವುದನ್ನು ಹತ್ತು ವರ್ಷದಿಂದ ನೋಡುತ್ತ ಬಂದಿದ್ದಳು. ತನ್ನದೂ ಮುಂಜಾನೆ ಹೊತ್ತು ಹೀಗೆ ಎಳೆಯುತ್ತಿತ್ತು, ಮತ್ತು ಈ ಎಂಟು ತಿಂಗಳಲ್ಲಿ ಎಳೆದಿರಲಿಲ್ಲ. ಅದನ್ನು ಅವಳು ಗಮನಿಸಿದ್ದು ಈಗಲೇ.

"ಏನಾಯ್ತೇ? ಮುಖ ಯಾಕೆ ಹಾಗಿದೆ?"

"ಏನಿಲ್ಲ ಅತ್ತೆ. ಗಾಳಿ ಜಾಸ್ತಿ ಇತ್ತು."

*

ಗುರುವಾರ ಬೆಳಿಗ್ಗೆ ಅವಳು ಹಿಂದಿನ ಅಂಗಳಕ್ಕೆ ಹೋದಾಗ ಆ ಮೂವರೂ ಅಲ್ಲಿದ್ದರು. ಸುದ್ದಿ ತಿಳಿದು ಪರೀಕ್ಷೆ ಮುಗಿದ ಮರುದಿನವೇ ಬಂದಿದ್ದರು. ಏಣಿಯ ತಂಗಿ ಉಳಿದ ಕುಂಡಗಳನ್ನು ಎಣಿಸುತ್ತಿದ್ದಳು: ಅರವತ್ತೆರಡು. ಕನ್ನಡಕದ ಹುಡುಗಿ ಕರಕಾದ ತಂತಿಯನ್ನು ಹಿಡಿದು ಸುಮ್ಮನೆ ನಿಂತಿದ್ದಳು. ಕನ್ನಡಕ ಅವಳ ಕೈಯಲ್ಲಿತ್ತು.

ಕಾವಲುಗಾರ ಸಮವಸ್ತ್ರವಿಲ್ಲದೆ ಬಂದ. ಮಡಚಿದ ಅಂಗಿ, ಟೋಪಿ, ಬೀಗದ ಕೈಗೊಂಚಲು ಒಂದು ಚೀಲದಲ್ಲಿ. ಅಕ್ಕನ ಪಕ್ಕ ಕಟ್ಟೆಯ ಮೇಲೆ ಕೂತ. ಟೋಪಿಯಿಲ್ಲದೆ ಅವನು ತುಂಬಾ ವಯಸ್ಸಾದವನಂತೆ ಕಂಡ.

"ಅಕ್ಕ, ರಾತ್ರಿಯೆಲ್ಲಾ ಯೋಚನೆ ಮಾಡಿದೆ. ನಾನೇ ಇರಬಹುದೇನೋ."

"ಏನು ನೀನೇ?"

"ಸೇದಿಲ್ಲ ಅಂತ ನಾನು ಅಂದ್ಕೊಂಡಿದ್ದೀನಿ. ಆದ್ರೆ ನಲವತ್ತು ವರ್ಷದ ಅಭ್ಯಾಸ ನೋಡು. ಮನಸ್ಸಿಗೆ ಗೊತ್ತಾಗದ ಹಾಗೆ ಕೈ ತಾನಾಗೇ ಜೇಬಿಗೆ ಹೋಗಿ, ಹಚ್ಚಿ, ಎಸೆದು ಬಿಟ್ಟಿರಬಹುದು. ಅಷ್ಟು ಜನ ಹೇಳ್ತಾರೆ ಅಂದ್ಮೇಲೆ..." ಅವನು ತನ್ನ ಬಲಗೈಯನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿಕೊಂಡ. "ಆ ಮಕ್ಕಳ ಮುಖ ನೋಡೋಕಾಗಲ್ಲ ಅಕ್ಕ. ನೀನೇ ನನ್ನ ಪರವಾಗಿ ಒಂದು ಮಾತು ಹೇಳು."

ಅಕ್ಕ ಎದ್ದು ನಿಂತಳು. ಕೋಟಿನ ಜೇಬಿನಿಂದ ತಗಡಿನ ಡಬ್ಬಿ ತೆಗೆದು ಅವನ ಕೈಗಿಟ್ಟಳು.

"ನಿನ್ನ ಕೈಯಲ್ಲಣ್ಣ. ನನ್ನ ಕೈ."

ಅವನಿಗೆ ಅರ್ಥವಾಗುವ ಮೊದಲು ಅವಳು ಕಟ್ಟಡದ ಕಡೆ ನಡೆದಿದ್ದಳು. ತಿರುಗಿ, "ಏಳು, ಬಾ. ಮಕ್ಕಳೇ, ನೀವೂ ಬನ್ನಿ. ಒಂದೇ ಸಲ ಹೇಳ್ತೀನಿ, ಎರಡನೇ ಸಲ ಹೇಳೋಕೆ ನನ್ನ ಕೈಲಾಗಲ್ಲ" ಎಂದಳು.

ಗ್ರಂಥಪಾಲಕಿಯ ಕೋಣೆಯಲ್ಲಿ ಮೇಲ್ವಿಚಾರಕರೂ ಇದ್ದರು. ಅಕ್ಕ ಮೇಜಿನ ಅಂಚು ಹಿಡಿದು ಎಲ್ಲವನ್ನೂ ಹೇಳಿದಳು: ಏಳು ಹೊರೆ, ಎಂಟೂವರೆ, ಹತ್ತು ಹೆಜ್ಜೆ, ಗಾಳಿ. ಏನನ್ನೂ ಬಿಡಲಿಲ್ಲ, ಏನನ್ನೂ ಮೆತ್ತಗೆ ಮಾಡಲಿಲ್ಲ. ಕೊನೆಗೆ, "ಅಣ್ಣ ಬೆಂಕಿ ಆರಿಸಿದವನು, ಹಚ್ಚಿದವನಲ್ಲ. ಕೆಲಸ ತೆಗೆಯೋದಾದರೆ ನನ್ನದು ತೆಗೀರಿ" ಎಂದಳು. ತೆಗೆದರೆ ಅತ್ತೆಯ ಔಷಧಿಗೆ ಏನು ಗತಿ ಎಂಬ ಯೋಚನೆ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅಲ್ಲೇ ತಡೆದಳು.

ಮೊದಲು ಮಾತಾಡಿದ್ದು ಕನ್ನಡಕದ ಹುಡುಗಿ.

"ನೀವು ಮಾತು ಕೊಟ್ಟಿದ್ದಿರಿ ಅಕ್ಕ."

"ಕೊಟ್ಟಿದ್ದೆ."

"ಒಂದು ಫೋನ್ ಮಾಡಿದ್ದರೆ ಮೂವರೂ ಓಡಿ ಬರ್ತಿದ್ವಿ."

"ನಿನ್ನ ನಂಬರು ನನ್ನತ್ರ ಇಲ್ಲಮ್ಮ" ಎಂದಳು ಅಕ್ಕ. ಅದರಲ್ಲಿ ಆರೋಪವಿರಲಿಲ್ಲ, ಇದ್ದದ್ದನ್ನು ಹೇಳಿದ್ದಳು ಅಷ್ಟೆ.

ಎಂಟು ತಿಂಗಳು. ಗೂಡಿನ ಒಳಗಿನ ಶಾಖ ಎಷ್ಟು, ಯಾವ ವಾರ ಎಷ್ಟು ಅಂಗುಲ ಕುಗ್ಗಿತು, ಎಲ್ಲವೂ ಹುಡುಗಿಯ ಟಿಪ್ಪಣಿ ಪುಸ್ತಕದಲ್ಲಿತ್ತು. ಗೂಡಿಗೆ ದಿನವೂ ನೀರೆರೆದವಳ ಫೋನ್ ನಂಬರು ಇರಲಿಲ್ಲ.

"ನಾವೂ ಮಾತು ಕೊಟ್ಟಿದ್ವಿ" ಎಂದ ಏಣಿ, ನೆಲ ನೋಡುತ್ತ. "ಪ್ರತಿ ಶನಿವಾರ ಅಂತ. ಮೂರು ವಾರ ಬರಲಿಲ್ಲ. ಬರಲ್ಲ ಅಂತಲೂ ಹೇಳಲಿಲ್ಲ."

ಮೇಲ್ವಿಚಾರಕರು ಕಿಟಕಿಯಾಚೆ ನೋಡುತ್ತಿದ್ದರು. ಗ್ರಂಥಪಾಲಕಿ ಅವರನ್ನು ಕೇಳಿದರು, "ಎಲೆ ಕಾಣಬಾರದು ಅಂದಿರಿ. ಎಲ್ಲಿ ಹಾಕಬೇಕು ಅಂದಿರಿ?"

"ಅದನ್ನ ಹೇಳಲಿಲ್ಲ ಮೇಡಂ." ಅವರು ಕಿಟಕಿಯಿಂದ ಈ ಕಡೆ ತಿರುಗಿದರು. "ನನ್ನನ್ನ ಕೇಳೋರು ಕಾಣಬಾರದು ಅಂತ ಮಾತ್ರ ಹೇಳ್ತಾರೆ. ನಾನೂ ಅಷ್ಟೇ ಮುಂದಕ್ಕೆ ಹೇಳಿದೆ."

ಕಾವಲುಗಾರನಿಗೆ ಬೀಗದ ಕೈಗೊಂಚಲು ಮರಳಿ ಬಂತು. ಅಕ್ಕನಿಗೆ ಒಂದು ಎಚ್ಚರಿಕೆ ಪತ್ರ. ಇನ್ನೊಮ್ಮೆ ಹೀಗಾದರೆ ಕ್ಷಮೆಯಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅವಳು ಎರಡು ಸಲ ಓದಿ, ನಾಲ್ಕಾಗಿ ಮಡಚಿ, ಡಬ್ಬಿಯಿದ್ದ ಜೇಬಿನಲ್ಲಿ ಇಟ್ಟುಕೊಂಡಳು. ಶಾಲೆಗೆ ಸಸಿ ಕೊಡುವುದು ಮೂರು ವಾರ ಮುಂದಕ್ಕೆ ಹೋಯಿತು.

ಹೊರಗೆ ಬಂದಾಗ ಕನ್ನಡಕದ ಹುಡುಗಿ ಅವಳ ಜೊತೆ ಮಾತಾಡಲಿಲ್ಲ. ಸಿಟ್ಟು ಅಷ್ಟು ಬೇಗ ಇಳಿಯುವಂಥದಾಗಿರಲಿಲ್ಲ. ನೇರವಾಗಿ ಗೂಡುಗಳ ಹತ್ತಿರ ಹೋಗಿ, ಮೂರನೆಯದರ ಬೂದಿ ಕೆದಕಿ ನೋಡಿ, ಮೊದಲನೆಯದರ ಬಳಿ ನಿಂತಳು. ಎಂಟು ತಿಂಗಳ ಹಳೆಯ ಗೂಡು. ಹೊರಗಿನ ಪದರ ಇದ್ದಿಲಾಗಿತ್ತು.

"ಇದೂ ಹೋಯ್ತು" ಎಂದಳು.

"ಹೋಗಿರಲ್ಲಮ್ಮ" ಎಂದಳು ಅಕ್ಕ.

ಕೋಟಿನ ತೋಳು ಮಡಚಿ, ಕರಕು ಪದರವನ್ನು ಸರಿಸಿ, ಮೊಣಕೈವರೆಗೆ ಒಳಗೆ ತೂರಿಸಿದಳು. ತೆಗೆದ ಮುಷ್ಟಿಯಲ್ಲಿ ಇದ್ದದ್ದು ಕಪ್ಪು, ಪುಡಿಪುಡಿಯಾದ, ಎಲೆಯ ನರ ಕೂಡ ಉಳಿಯದ ಗೊಬ್ಬರ. ಅವಳು ಮುಷ್ಟಿ ಬಿಗಿದಳು. ಬೆರಳ ಸಂದಿಯಲ್ಲಿ ಒಂದು ಹನಿ ಮೂಡಿ, ನಿಂತು, ಬಿತ್ತು.

"ಮೊನ್ನೆ ತನಕ ಎರಡೆರಡು ಬಕೆಟ್ ಹಾಕಿದ್ದೀನಿ. ಒಳಗಿನದಕ್ಕೆ ಬೆಂಕಿ ಹತ್ತೋಕೆ ಜಾಗ ಎಲ್ಲಿ?"

ಹುಡುಗಿ ಕನ್ನಡಕ ಹಾಕಿಕೊಂಡು ಆ ಕೈಯನ್ನು ನೋಡಿದಳು. ಆಮೇಲೆ ಬ್ಯಾಗಿನಿಂದ ಪೆನ್ನು ತೆಗೆದಳು.

"ಅಕ್ಕ, ನಿಮ್ಮ ನಂಬರ್ ಹೇಳಿ."

*

ಆ ಮಧ್ಯಾಹ್ನ ಅತ್ತೆಯ ತೊಡೆಯ ಮೇಲೆ ಅಕ್ಕ ತಗಡಿನ ಡಬ್ಬಿಯನ್ನಿಟ್ಟಳು. ಕಾವಲುಗಾರ ಅದನ್ನು ಹಿಂತಿರುಗಿಸುವಾಗ, "ಇದನ್ನ ನನ್ನ ಹತ್ತಿರ ಬಿಡಬೇಡ ಅಕ್ಕ, ಹನ್ನೆರಡನೇ ದಿನ ನಡೀತಿದೆ" ಎಂದಿದ್ದ. ಅತ್ತೆ ಮುಚ್ಚಳ ತೆರೆದರು. ಕಡ್ಡಿಗಳಿರಲಿಲ್ಲ.

"ಯಾವ ಮಣ್ಣೇ ಇದು?"

"ಮಣ್ಣಲ್ಲ ಅತ್ತೆ. ನಮ್ಮ ಎಲೆ."

ಅತ್ತೆ ನಂಬದೆ ಚಿಟಿಕೆಯಷ್ಟು ತೆಗೆದು ಬೆರಳಲ್ಲಿ ಉಜ್ಜಿದರು. ಮೂಗಿನ ಹತ್ತಿರ ಹಿಡಿಯುವಾಗ ಕೆಮ್ಮು ಬರಬಹುದೆಂದು ಅಭ್ಯಾಸಬಲದಿಂದ ಹೆದರಿದರು, ಬರಲಿಲ್ಲ. ಮಳೆ ನಿಂತ ಮೇಲಿನ ನೆಲದ ವಾಸನೆ ಅದಕ್ಕಿತ್ತು.

ಅಕ್ಕ ಆಗ ಎಲ್ಲವನ್ನೂ ಹೇಳಿದಳು, ಬೆಂಕಿಯನ್ನೂ, ಪತ್ರವನ್ನೂ. ಅತ್ತೆ ಬೈಯಲಿಲ್ಲ. ಡಬ್ಬಿಯನ್ನೇ ನೋಡುತ್ತ ಕೂತಿದ್ದರು.

"ಮೂವತ್ತೊಂದು ವರ್ಷ ನಾನು ಸುಟ್ಟಿದ್ದು ಇದನ್ನೇನಾ?"

ಕಿಟಕಿಯಿಂದ ಗಾಳಿ ಬರುತ್ತಿತ್ತು. ಅತ್ತೆ ಅದನ್ನು ಒಂದೆರಡು ಸಲ ಎಳೆದುಕೊಂಡು, ಸಾಕಷ್ಟು ಸಿಕ್ಕ ಮೇಲೆ ಕೇಳಿದರು:

"ಆ ಮಕ್ಕಳಿಗೆ ಇನ್ನೆಷ್ಟು ಕುಂಡ ಬೇಕಂತೆ?"

"ನೂರ ಎಪ್ಪತ್ತೆಂಟು."

"ನಾಳೆ ಬರುವಾಗ ಹಳೇ ಪೇಪರ್ ತಗೊಂಡು ಬಾ. ಆ ಹುಡುಗಿ ಹೇಗೆ ಮಡಚ್ತಾಳೋ ನೋಡ್ಕೊಂಡು ಬಾ. ಉಸಿರು ನನ್ನ ಮಾತು ಕೇಳಲ್ಲ, ಬೆರಳು ಇನ್ನೂ ಕೇಳ್ತವೆ." ಡಬ್ಬಿಯ ಮುಚ್ಚಳ ಹಾಕುತ್ತ, "ಆ ಕಡ್ಡಿಗಳನ್ನ ಎಲ್ಲಿಟ್ಟೆ? ಎಸೀಬೇಡ" ಎಂದರು.

*

ಮೂರು ವಾರದ ನಂತರದ ಬುಧವಾರ ಬೆಳಿಗ್ಗೆ, ಹಿಂದಿನ ಅಂಗಳದ ಹಲಗೆಯ ಮೇಲೆ ಇನ್ನೂರ ನಲವತ್ತು ಕುಂಡಗಳು ಮತ್ತೆ ನಿಂತಿದ್ದವು. ಅರವತ್ತೆರಡರಲ್ಲಿ ಗೇಣುದ್ದದ ಸಸಿಗಳು. ಉಳಿದವುಗಳಲ್ಲಿ ಎರಡೆರಡೇ ಎಲೆ ಬಿಚ್ಚಿದ ಮರಿಗಳು, ಅಕ್ಕನ ಗೂಡಿನ ಕಪ್ಪು ಗೊಬ್ಬರದಲ್ಲಿ. ಪ್ರತಿ ಸಾಲಿನ ಮೊದಲ ಕುಂಡದಲ್ಲಿ ಪುಟ್ಟ ಮರದ ಕಡ್ಡಿಗಳನ್ನು ಚುಚ್ಚಲಾಗಿತ್ತು. ಒಂದು ಕಡ್ಡಿಯಿದ್ದರೆ ಟೊಮೇಟೊ, ಎರಡಿದ್ದರೆ ಮೆಣಸಿನಕಾಯಿ, ಮೂರಿದ್ದರೆ ಚೆಂಡುಹೂ.

ಗೋಡೆಯ ಹತ್ತಿರ ಹೊಸದೊಂದು ನಾಲ್ಕನೇ ಗೂಡು, ಖಾಲಿ. ಅದರ ಮೇಲೆ ಮೇಲ್ವಿಚಾರಕರ ಕೈಬರಹದ ಚೀಟಿ: "ಹೆಚ್ಚಾದ ಎಲೆ ಇಲ್ಲಿ ಹಾಕುವುದು."

ಕಾವಲುಗಾರ ಟೋಪಿ ಸರಿಮಾಡಿಕೊಂಡು ಬಗ್ಗಿ ನೋಡಿದ. "ಏನಕ್ಕ ಇದು, ಬೆಂಕಿಕಡ್ಡಿ ಇದ್ದ ಹಾಗಿದೆ?"

"ನಮ್ಮತ್ತೆ ಕಡ್ಡಿಗಳ ತಲೆ ಮುರಿದು, ನೀರಲ್ಲಿ ನೆನೆಸಿ ಕೊಟ್ಟಿದ್ದಾರಣ್ಣ. ಆಸೆಪಟ್ಟು ಕೈ ಹಾಕಬೇಡ, ಇವು ಹತ್ತಲ್ಲ."

"ನನಗೇನು ಆಸೆ? ಇವತ್ತು ಎಷ್ಟನೇ ದಿನ ಅಂತ ಕೇಳು."

"ಬೆರಳು ತೋರಿಸು."

"ಸಾಲಲ್ಲ ಅಕ್ಕ. ಮೂವತ್ತೆರಡು."

"ಹಾಗಾದ್ರೆ ಆ ಬಕೆಟ್ ಹಿಡಿ" ಎಂದಳು ಅಕ್ಕ. ಅವನು ಒಂದು, ಅವಳು ಒಂದು ಹಿಡಿದು ಗೂಡಿಗೆ ನೀರು ಸುರಿದರು. ಮೇಲೆ ಗಾಳಿ ಎದ್ದು, ಈಗಷ್ಟೇ ಗುಡಿಸಿದ ನೆಲದ ಮೇಲೆ ಏಳೂ ಮರಗಳು ಮತ್ತೆ ಎಲೆ ಉದುರಿಸಿದವು. ಅಕ್ಕ ಒಮ್ಮೆ ಮೇಲೆ ನೋಡಿ, ಪೊರಕೆ ಎತ್ತಿಕೊಂಡಳು.